ಸಿ ಭಾಷೆಗೆ ಗಡಿಯಾರವಿಲ್ಲ

ಚೌತಿಗೆ ಇನ್ನೂ ತಿಂಗಳಿದೆ ಎನ್ನುವಾಗಲೇ ಗಣೇಶೋತ್ಸವ ಮಂಡಳಿಗಳ ಹುಡುಗರು ಅಂಕೋಲೆಯ ನನ್ನ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತತೊಡಗುತ್ತಾರೆ. ಅವರ್ಸಾ, ಹಾರವಾಡದವರು ಬೈಕಿನಲ್ಲಿ ಬರುತ್ತಾರೆ. ಕಾರವಾರದ ಕೋಡಿಬಾಗ, ಬೈತಖೋಲದ ಕಡೆಯವರು ಬಸ್ಸಿಳಿದು ನಡೆದು ಬರುತ್ತಾರೆ. ಮೊದಲೆಲ್ಲ ಅವರಿಗೆ ಬೇಕಾಗಿದ್ದುದು ಒಂದಿಷ್ಟು ಸೀರಿಯಲ್ ಸೆಟ್, ನಾಲ್ಕು ಟ್ಯೂಬ್‌ಲೈಟ್, ಗಣಪತಿಯ ಬೆನ್ನ ಹಿಂದೆ ತಿರುಗುವ ಒಂದು ಚಕ್ರ. ಈಗ ಮೊಬೈಲ್ ಮುಂದೆ ಹಿಡಿದು ಮುಂಬಯಿಯ ಯಾವುದೋ ಮಂಟಪದ ವಿಡಿಯೊ ತೋರಿಸುತ್ತಾರೆ. "ಅಣ್ಣಾ, ಬಣ್ಣ ಹೀಗೇ ಹರೀಬೇಕು ನೋಡು. ಕಿರೀಟದ ಮೇಲಿಂದ ಶುರುವಾಗಿ ಪೀಠದ ತನಕ ಇಳೀಬೇಕು."

ಇಳಿಸಬಹುದು. ಅದಕ್ಕೆ ಬೇಕಾದ ಸಾಮಾನೂ ದುಬಾರಿಯಲ್ಲ: ಐದು ಮೀಟರಿನ ಒಂದು ಎಲ್‌ಇಡಿ ಪಟ್ಟಿ, ಒಂದು ಆರ್ಡುಯಿನೊ ಊನೊ ಬೋರ್ಡು, 5 ವೋಲ್ಟಿನ ಒಂದು ಪವರ್ ಸಪ್ಲೈ. ಬೋರ್ಡಿಗೆ ಹಾಕುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುತ್ತೇವೆ. ಬಣ್ಣ ಯಾವುದು, ಯಾವ ದೀಪದಿಂದ ಯಾವ ದೀಪಕ್ಕೆ, ಎಷ್ಟು ವೇಗ ಎಂಬುದೆಲ್ಲ ಸಿ ಭಾಷೆಯಲ್ಲಿ ಸಲೀಸು. ಆದರೆ ಆ ಬಣ್ಣವನ್ನು ತಂತಿಯ ಮೇಲೆ ಕಳಿಸುವ ಕೊನೆಯ ನಾಲ್ಕಾರು ಸಾಲಿಗೆ ಬಂದಾಗ ಸಿ ಕೈಚೆಲ್ಲುತ್ತದೆ. ಅಲ್ಲಿ ಸಿ ಪ್ರೋಗ್ರಾಮಿನ ನಡುವೆಯೇ ಚಿಪ್‌ನ ಸ್ವಂತ ಆದೇಶಗಳನ್ನು ಬರೆಯಬೇಕಾಗುತ್ತದೆ. ಇದೇ ಇನ್‌ಲೈನ್ ಅಸೆಂಬ್ಲಿ. ಎಂಜಿನಿಯರಿಂಗ್ ಓದಿದವರಲ್ಲೂ ಅನೇಕರು ಇದನ್ನು ಪರೀಕ್ಷೆಗೆ ಬರುವ ಒಂದು ಚಿಕ್ಕ ಪ್ರಶ್ನೆಯಾಗಿ ಮಾತ್ರ ಕಂಡಿರುತ್ತಾರೆ. ಅದು ಯಾಕೆ ಬೇಕು, ಹೇಗೆ ನಡೆಯುತ್ತದೆ, ಯಾವಾಗ ಬೇಡ ಎನ್ನುವುದನ್ನು ಮಂಟಪದ ದೀಪದ ಲೆಕ್ಕ ಹಿಡಿದೇ ಹೇಳುತ್ತೇನೆ.

ಒಂದು ಬಿಟ್‌ಗೆ 20 ಟಿಕ್

ಈ ದೀಪಕ್ಕೆ ಡಬ್ಲ್ಯುಎಸ್ 2812ಬಿ ಎಂದು ಹೆಸರು. ಚೀನಾದ ವರ್ಲ್ಡ್‌ಸೆಮಿ ಕಂಪನಿಯ ಸರಕು. ಮೀಟರಿಗೆ 60ರಂತೆ ಐದು ಮೀಟರಿನ ಸುರುಳಿಯಲ್ಲಿ 300 ದೀಪ. ಐದು ಮಿಲಿಮೀಟರ್ ಚೌಕದ ಪ್ರತಿ ದೀಪದೊಳಗೂ ಕೆಂಪು, ಹಸಿರು, ನೀಲಿ ಎಂದು ಮೂರು ಎಲ್‌ಇಡಿ, ಅವನ್ನು ನಿಭಾಯಿಸುವ ಒಂದು ಪುಟ್ಟ ಚಿಪ್. ಇಡೀ ಪಟ್ಟಿಗೆ ಮಾಹಿತಿ ಹೋಗುವುದು ಒಂದೇ ತಂತಿಯಲ್ಲಿ. ಒಂದು ದೀಪಕ್ಕೆ 24 ಬಿಟ್: ಮೊದಲ 8 ಹಸಿರಿಗೆ, ಮುಂದಿನ 8 ಕೆಂಪಿಗೆ, ಕೊನೆಯ 8 ನೀಲಿಗೆ. ಮೊದಲ ದೀಪ ತನ್ನ ಪಾಲಿನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ, ಎರಡನೆಯದು ತನ್ನ ಪಾಲು ತೆಗೆದುಕೊಂಡು ಮೂರನೆಯದಕ್ಕೆ ಬಿಡುತ್ತದೆ. ಹೀಗೇ ಮುನ್ನೂರನೆಯ ದೀಪದವರೆಗೆ.

ಇರುವುದು ಒಂದೇ ತಂತಿ. ಬಂದ ಬಿಟ್ 0 ಅಥವಾ 1 ಎಂದು ದೀಪಕ್ಕೆ ತಿಳಿಯುವುದು ತಂತಿಯ ಮೇಲೆ ವೋಲ್ಟೇಜ್ ಎಷ್ಟು ಹೊತ್ತು ಏರಿತ್ತು ಎನ್ನುವುದರಿಂದ. ಸುಮಾರು 0.4 ಮೈಕ್ರೊಸೆಕೆಂಡು ಏರಿದ್ದು ಇಳಿದರೆ ಅದು 0. ಸುಮಾರು 0.8 ಮೈಕ್ರೊಸೆಕೆಂಡು ಏರಿದ್ದು ಇಳಿದರೆ 1. ಎರಡಕ್ಕೂ ಒಟ್ಟು ಅವಧಿ 1.25 ಮೈಕ್ರೊಸೆಕೆಂಡು. ಆಚೀಚೆ 0.15 ಮೈಕ್ರೊಸೆಕೆಂಡಿನಷ್ಟು ವ್ಯತ್ಯಾಸವನ್ನು ಕಂಪನಿಯ ವಿವರಪತ್ರ ಒಪ್ಪುತ್ತದೆ. ಮೈಕ್ರೊಸೆಕೆಂಡು ಎಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು.

ಊನೊ ಬೋರ್ಡಿನ ಮೇಲಿರುವ ಚಿಪ್ ಎಟಿಮೆಗಾ 328ಪಿ. ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಆಲ್ಫ್-ಎಗಿಲ್ ಬೋಗನ್ ಮತ್ತು ವೆಗಾರ್ಡ್ ವೊಲ್ಲಾನ್ ಎಂಬ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ಎವಿಆರ್ ಎಂಬ ಮನೆತನದ ಚಿಪ್ ಇದು. ಊನೊದಲ್ಲಿ ಅದರ ನಾಡಿ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಒಂದು ಮಿಡಿತವನ್ನು ಟಿಕ್ ಎಂದು ಕರೆಯೋಣ. 1.25 ಮೈಕ್ರೊಸೆಕೆಂಡಿನಲ್ಲಿ ಸರಿಯಾಗಿ 20 ಟಿಕ್. ಅಂದರೆ 0 ಕಳಿಸಲು ಆರು ಟಿಕ್ ಏರಿಸಿ ಹದಿನಾಲ್ಕು ಟಿಕ್ ಇಳಿಸಬೇಕು; 1 ಕಳಿಸಲು ಹದಿಮೂರು ಟಿಕ್ ಏರಿಸಿ ಏಳು ಟಿಕ್ ಇಳಿಸಬೇಕು. ಮುಂದಿನ ಬಿಟ್ ಯಾವುದು ಎಂದು ನೋಡುವುದು, ಎಂಟು ಬಿಟ್ ಮುಗಿದಾಗ ಮೆಮೊರಿಯಿಂದ ಹೊಸ ಬೈಟ್ ತರುವುದು, ಎಷ್ಟು ಉಳಿಯಿತು ಎಂದು ಲೆಕ್ಕ ಇಡುವುದು, ಇವೆಲ್ಲ ಆ 20 ಟಿಕ್ಕಿನೊಳಗೇ ಮುಗಿಯಬೇಕು. 300 ದೀಪಕ್ಕೆ 7,200 ಬಿಟ್. ಒಂದು ಕಡೆ ಲೆಕ್ಕ ತಪ್ಪಿದರೂ ಅಲ್ಲಿಂದ ಮುಂದಿನ ಬಣ್ಣವೆಲ್ಲ ಕಲಸುಮೇಲೋಗರ.

ಮೇಸ್ತ್ರಿಯ ಜಾಣತನ

ಆರ್ಡುಯಿನೊದಲ್ಲಿ ಒಂದು ಪಿನ್ನನ್ನು, ಅಂದರೆ ತಂತಿ ಸೇರಿಸುವ ಕಾಲನ್ನು, ಏರಿಸಲು 'ಡಿಜಿಟಲ್‌ರೈಟ್' ಎಂಬ ಸಿದ್ಧ ಫಂಕ್ಷನ್ ಇದೆ. ಶಾಲೆಯ ಮಕ್ಕಳೂ ಬಳಸುತ್ತಾರೆ. ಅದು ಪಿನ್ ನಂಬರು ಸರಿಯಿದೆಯೇ, ಅಲ್ಲಿ ಬೇರೆ ಕೆಲಸ ನಡೆಯುತ್ತಿದೆಯೇ ಎಂದೆಲ್ಲ ವಿಚಾರಿಸಿ ಆಮೇಲೆ ಪಿನ್ ಏರಿಸುತ್ತದೆ. ಇಷ್ಟಕ್ಕೆ 3 ಮೈಕ್ರೊಸೆಕೆಂಡಿಗೂ ಹೆಚ್ಚು ಹೊತ್ತು. ಒಂದು ಸಲ ಪಿನ್ ಏರಿಸುವಷ್ಟರಲ್ಲಿ ಎರಡು ಬಿಟ್‌ನ ಕಾಲ ಕಳೆದೇ ಹೋಯಿತು.

ಅದನ್ನು ಬಿಟ್ಟು ಪಿನ್ ಇರುವ ಪೋರ್ಟಿಗೆ ನೇರವಾಗಿ ಬರೆಯಬಹುದು. ಆಗ ಸಿ ಭಾಷೆಯ ಆ ಒಂದು ಸಾಲು ಚಿಪ್‌ನ ಒಂದೇ ಆದೇಶವಾಗಿ ಇಳಿದು 2 ಟಿಕ್ಕಿನಲ್ಲಿ ಮುಗಿಯುತ್ತದೆ. ಆದರೆ ಇದು, ಸಿ ಭಾಷೆಯನ್ನು ಚಿಪ್‌ನ ಆದೇಶಗಳಾಗಿ ಇಳಿಸುವ ಕಂಪೈಲರಿನಲ್ಲಿ ಆಪ್ಟಿಮೈಸೇಶನ್, ಅಂದರೆ ಆದೇಶಗಳನ್ನು ಚುಟುಕಾಗಿಸುವ ವ್ಯವಸ್ಥೆ, ಚಾಲೂ ಇದ್ದಾಗ ಮಾತ್ರ. ಅದನ್ನು ಬಂದ್ ಮಾಡಿದರೆ ಅದೇ ಸಾಲಿಗೆ ಕಂಪೈಲರ್ ಉದ್ದನೆಯ ಸಾಲು ಸಾಲು ಆದೇಶ ಬರೆಯುತ್ತದೆ. ಸಿ ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಾಗಿಲ್ಲ, ಹಿಡಿದ ಕಾಲ ಮಾತ್ರ ಬೇರೆ.

ಕಂಪೈಲರ್ ಎಂದರೆ ಒಬ್ಬ ಪಳಗಿದ ಮೇಸ್ತ್ರಿ. ಗೋಡೆ ಇಂಥಲ್ಲಿ, ಇಷ್ಟು ಎತ್ತರ ಎಂದು ನೀವು ಹೇಳುತ್ತೀರಿ. ಚೀರೇಕಲ್ಲನ್ನು ಯಾವ ದಾರಿಯಲ್ಲಿ ಹೊರುತ್ತಾನೆ, ಯಾವುದನ್ನು ಮೊದಲು ಇಡುತ್ತಾನೆ ಎನ್ನುವುದು ಅವನಿಗೆ ಬಿಟ್ಟದ್ದು. 'ಕಲ್ಲಿಡುವ ಮೊದಲು ಸಾವಿರ ಸಲ ಬರಿಗೈಲಿ ಅಂಗಳ ಸುತ್ತಿ ಬಾ' ಎಂದು ಬರೆದುಕೊಟ್ಟರೆ ಅವನು ನಕ್ಕು ಬಿಟ್ಟುಬಿಡುತ್ತಾನೆ. ಸುತ್ತಿದ್ದಕ್ಕೂ ಗೋಡೆಗೂ ಸಂಬಂಧವಿಲ್ಲವಲ್ಲ. ಸಿ ಭಾಷೆಯಲ್ಲಿ ಹೊತ್ತು ಕಳೆಯಲೆಂದು ಒಂದು ಖಾಲಿ ಲೂಪ್ ಬರೆದರೆ ಇಂದಿನ ಕಂಪೈಲರ್ ಮಾಡುವುದೂ ಇದನ್ನೇ. ಅದು ಲೂಪನ್ನು ಪೂರ್ತಿ ಅಳಿಸಿಹಾಕುತ್ತದೆ. ಇದು ಕಂಪೈಲರಿನ ತಪ್ಪಲ್ಲ. ಸಿ ಭಾಷೆಯ ನಿಯಮ ಕೇಳುವುದು ಕೊನೆಗೆ ಕಾಣುವ ಫಲ ಸರಿಯಿದೆಯೇ ಎಂದು ಮಾತ್ರ. ಅದು ಎಷ್ಟು ಹೊತ್ತಿನಲ್ಲಿ ಬಂತು ಎನ್ನುವುದಕ್ಕೆ ಆ ನಿಯಮದಲ್ಲಿ ಜಾಗವೇ ಇಲ್ಲ.

ನಾನು ಡಿಪ್ಲೊಮಾ ಓದುವಾಗ ಲ್ಯಾಬಿನಲ್ಲಿ 8085 ಕಿಟ್ ಇತ್ತು. ಇಂಟೆಲ್ 1976ರಲ್ಲಿ ತಂದ ಆ ಚಿಪ್‌ಗೆ ಕೋಡನ್ನು ಕೀಲಿ ಒತ್ತಿ ಒಂದೊಂದಾಗಿ ಹಾಕಬೇಕು. ಒಂದು ಎಣಿಕೆ ಕಡಿಮೆ ಮಾಡಲು 4 ಟಿಕ್, ಸೊನ್ನೆಯಾಗದಿದ್ದರೆ ಹಿಂದಕ್ಕೆ ಜಿಗಿಯಲು 10 ಟಿಕ್, ಸೊನ್ನೆಯಾದರೆ 7 ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಕೂಡಿಸಿ ಕಳೆದು ಒಂದು ದೀಪ ಸರಿಯಾಗಿ ಮಿಣುಕುವಂತೆ ಮಾಡುವುದೇ ನಮ್ಮ ಪ್ರಾಕ್ಟಿಕಲ್. ಮುಂದೆ ಬಂದದ್ದು ಟರ್ಬೊ ಸಿ. ಬೋರ್ಲಂಡ್ ಕಂಪನಿ 1987ರಲ್ಲಿ ಬಿಟ್ಟ ಆ ನೀಲಿ ಪರದೆ ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ದಶಕಗಟ್ಟಲೆ ಉಳಿಯಿತು. ಅದರಲ್ಲಿ 'ಎಎಸ್‌ಎಮ್' ಎಂದು ಬರೆದು ಮುಂದೆ ಆದೇಶ ಬರೆದರೆ ಮುಗಿಯಿತು. ಖಾಲಿ ಲೂಪನ್ನು ಅದು ಮುಟ್ಟುತ್ತಿರಲಿಲ್ಲ. ಅಲ್ಲಿ ಕಲಿತವರು ಇಂದಿನ ಜಿಸಿಸಿ ಕಂಪೈಲರಿನ ಮುಂದೆ ಕೂತಾಗ ತಮ್ಮ ಲೂಪ್ ಎಲ್ಲಿ ಹೋಯಿತು ಎಂದು ಹುಡುಕುತ್ತಾರೆ.

ಹೊತ್ತಿನ ಈ ಲೆಕ್ಕ ಮಂಟಪಕ್ಕೆ ಮಾತ್ರವಲ್ಲ. ಪಕ್ಕದ ಕಾರವಾರ ತಾಲೂಕಿನಲ್ಲೇ ಕೈಗಾದ ಅಣುವಿದ್ಯುತ್ ಸ್ಥಾವರ ಇದೆ, ಅರ್ಗಾದ ನೌಕಾನೆಲೆ ಇದೆ. ದೊಡ್ಡ ಯಂತ್ರ ನಡೆಸುವ ಕಂಪ್ಯೂಟರ್ ಎಲ್ಲೇ ಇರಲಿ, ತಡವಾಗಿ ಬಂದ ಸರಿಯುತ್ತರವನ್ನು ತಪ್ಪುತ್ತರ ಎಂದೇ ಲೆಕ್ಕ ಹಿಡಿಯಬೇಕಾಗುತ್ತದೆ. ಮಂಟಪದ ದೀಪಕ್ಕೂ ಅದೇ ನ್ಯಾಯ. ತಪ್ಪಿದರೆ ಆಗುವ ನಷ್ಟ ಮಾತ್ರ ಬೇರೆ.

ಎಸ್‌ಬಿಐ, ಸಿಬಿಐ

ಅಸೆಂಬ್ಲಿಯಲ್ಲಿ ಪ್ರತಿ ಆದೇಶಕ್ಕೂ ಎಷ್ಟು ಟಿಕ್ ಎಂದು ಚಿಪ್‌ನ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಎವಿಆರ್‌ನಲ್ಲಿ ಪಿನ್ ಏರಿಸುವ ಆದೇಶ ಎಸ್‌ಬಿಐ, 2 ಟಿಕ್. ಇಳಿಸುವ ಆದೇಶ ಸಿಬಿಐ, ಅದಕ್ಕೂ 2 ಟಿಕ್. ಸುಮ್ಮನೆ ಕೂರುವ ಆದೇಶ ನಾಪ್, 1 ಟಿಕ್. ಇನ್ನೊಂದು ಜಾಗಕ್ಕೆ ಜಿಗಿಯಲು 2 ಟಿಕ್. "ಬ್ಯಾಂಕೂ ಉಂಟು, ತನಿಖೆಯೂ ಉಂಟು, ಇನ್ನೇನು ಬೇಕಣ್ಣ" ಎಂದು ಒಬ್ಬ ಹುಡುಗ ನಕ್ಕದ್ದಿದೆ. ನಗಲಿ, ಆಮೇಲೆ ಆ ಎರಡು ಹೆಸರನ್ನು ಅವನು ಮರೆತಿಲ್ಲ.

ಈ ಆದೇಶಗಳನ್ನು ಪೋಣಿಸಿ, ನಡುವೆ ಬೇಕಾದಷ್ಟು ನಾಪ್ ತುಂಬಿ 20 ಟಿಕ್ಕಿನ ಒಂದು ಸುತ್ತು ಕಟ್ಟಬಹುದು. ಪ್ರತಿ ಸಲವೂ ಅಷ್ಟೇ ಕಾಲ, ಒಂದು ಟಿಕ್ ಹೆಚ್ಚಿಲ್ಲ, ಕಡಿಮೆಯಿಲ್ಲ. ನಿಜ ಹೇಳಬೇಕೆಂದರೆ ಮಂಡಳಿಯ ಹುಡುಗರು ಇದನ್ನು ತಾವೇ ಬರೆಯಬೇಕಾಗಿಲ್ಲ. ಅಮೆರಿಕದ ಆಡಾಫ್ರೂಟ್ ಕಂಪನಿಯ ನಿಯೋಪಿಕ್ಸೆಲ್ ಲೈಬ್ರರಿ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆದು ನೋಡಿದರೆ ಒಳಗೆ ಇರುವುದು ಇದೇ: ನಾಡಿ 8, 12, 16 ಮೆಗಾಹರ್ಟ್ಸ್ ಇರುವ ಚಿಪ್‌ಗಳಿಗೆಂದು ಬೇರೆ ಬೇರೆಯಾಗಿ ಎಣಿಸಿ ಬರೆದ ಇನ್‌ಲೈನ್ ಅಸೆಂಬ್ಲಿ ತುಂಡುಗಳು. 8 ಮೆಗಾಹರ್ಟ್ಸ್‌ನಲ್ಲಿ ಒಂದು ಬಿಟ್‌ಗೆ ಸಿಗುವುದು ಹತ್ತೇ ಟಿಕ್. ಅಲ್ಲಿ ಬರೆದವರ ಪರದಾಟ ಸಾಲು ಸಾಲಿನಲ್ಲಿ ಕಾಣುತ್ತದೆ. ಮಂಟಪದ ಎರಡು ಕಂಬಕ್ಕೆ ಒಂದೇ ಹೊತ್ತಿಗೆ ಬೇರೆ ಬೇರೆ ಬಣ್ಣ ಕಳಿಸಬೇಕು ಎನ್ನುವಂಥ ತಕರಾರು ಬಂದಾಗ ಮಾತ್ರ ನಾನು ಸ್ವಂತದ್ದು ಬರೆಯುತ್ತೇನೆ.

ನಾಲ್ಕು ಖಾನೆಯ ಕರಾರು

ಆದೇಶ ಗೊತ್ತಾಯಿತು, ಟಿಕ್ ಎಣಿಸಿದ್ದಾಯಿತು, ಇನ್ನು ಸಿ ನಡುವೆ ತುರುಕಿದರೆ ಆಯಿತು ಎಂದು ಅನೇಕರು ಅಂದುಕೊಳ್ಳುತ್ತಾರೆ. ಕಷ್ಟ ಶುರುವಾಗುವುದೇ ಇಲ್ಲಿ. ಚಿಪ್‌ನೊಳಗೆ 32 ರಿಜಿಸ್ಟರ್‌ಗಳಿವೆ; ಲೆಕ್ಕ ನಡೆಯುವಾಗ ಅಂಕಿಗಳನ್ನು ಇಡುವ ಜಾಗ ಅವು. ಯಾವ ಅಂಕಿ ಯಾವ ರಿಜಿಸ್ಟರಿನಲ್ಲಿ ಎಂದು ಕಂಪೈಲರ್ ತಾನೇ ಹಂಚಿಕೊಂಡಿರುತ್ತದೆ. ನಾವು ನಡುವೆ ನುಗ್ಗಿ ಬರೆಯುವ ಆದೇಶಗಳ ಒಳಮರ್ಮ ಅದಕ್ಕೆ ಗೊತ್ತಾಗುವುದಿಲ್ಲ. ನಾವು ಬರೆದುಕೊಟ್ಟ ಪಠ್ಯವನ್ನು ಅದು ಹಾಗೆಯೇ ಅಸೆಂಬ್ಲರಿಗೆ, ಅಂದರೆ ಆದೇಶಗಳನ್ನು ಚಿಪ್ ಓದುವ ಅಂಕಿಗಳಾಗಿಸುವ ಪ್ರೋಗ್ರಾಮಿಗೆ, ದಾಟಿಸುತ್ತದೆ. ಆದ್ದರಿಂದ ನಾವು ಏನು ಮುಟ್ಟುತ್ತೇವೆ ಎಂದು ಅದಕ್ಕೆ ಬರೆದುಕೊಡಬೇಕು.

ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ ಕಂಪೈಲರ್ ಇದಕ್ಕೆ ಒಂದು ಕ್ರಮ ಇಟ್ಟಿದೆ. 'ಎಎಸ್‌ಎಮ್' ಎಂಬ ಪದದ ಮುಂದಿನ ಕಂಸದಲ್ಲಿ ನಾಲ್ಕು ಖಾನೆ, ನಡುವೆ ಕೋಲನ್ ಚಿಹ್ನೆ. ಮೊದಲ ಖಾನೆಯಲ್ಲಿ ಆದೇಶಗಳು. ಎರಡನೆಯದರಲ್ಲಿ ಕೆಲಸ ಮುಗಿದ ಮೇಲೆ ನಾವು ಹಿಂದಕ್ಕೆ ಕೊಡುವ ಅಂಕಿಗಳು. ಮೂರನೆಯದರಲ್ಲಿ ಕೆಲಸಕ್ಕೆ ನಾವು ಪಡೆಯುವ ಅಂಕಿಗಳು. ನಾಲ್ಕನೆಯದರಲ್ಲಿ ಇವೆರಡರಲ್ಲೂ ಸೇರದೆ ನಾವು ಕೆಡಿಸುವ ಸಂಗತಿಗಳು. 'ಎಎಸ್‌ಎಮ್' ಪಕ್ಕದಲ್ಲಿ 'ವೊಲಟೈಲ್' ಎಂದು ಸೇರಿಸಿದರೆ, ಇದರ ಫಲ ಯಾರಿಗೂ ಬೇಡವೆಂದು ಕಂಡರೂ ಅಳಿಸಬೇಡ ಎಂದು ಅರ್ಥ.

ಒಂದು ನಿಜವಾದ ಉದಾಹರಣೆ ನೋಡೋಣ. ಆರ್ಡುಯಿನೊದಲ್ಲಿ ಇಷ್ಟು ಮೈಕ್ರೊಸೆಕೆಂಡು ಕಾಯಿ ಎನ್ನಲು 'ಡಿಲೇ ಮೈಕ್ರೊಸೆಕೆಂಡ್ಸ್' ಎಂಬ ಫಂಕ್ಷನ್ ಇದೆ. ಊನೊದಲ್ಲಿ ಇದರ ಹೊಟ್ಟೆಯಲ್ಲಿರುವುದು ಎರಡೇ ಆದೇಶದ ಇನ್‌ಲೈನ್ ಅಸೆಂಬ್ಲಿ: ಎಣಿಕೆಯಿಂದ ಒಂದು ಕಳೆ, ಸೊನ್ನೆಯಾಗದಿದ್ದರೆ ಹಿಂದಕ್ಕೆ ಜಿಗಿ. ಮೊದಲನೆಯದಕ್ಕೆ 2 ಟಿಕ್, ಎರಡನೆಯದಕ್ಕೆ 2 ಟಿಕ್. ಒಂದು ಸುತ್ತಿಗೆ 4 ಟಿಕ್, ಅಂದರೆ ಕಾಲು ಮೈಕ್ರೊಸೆಕೆಂಡು. ಆರ್ಡುಯಿನೊದಲ್ಲಿ ಈ ಫಂಕ್ಷನ್ ಕರೆದ ಮಕ್ಕಳೆಲ್ಲ ಗೊತ್ತಿಲ್ಲದೆಯೇ ಇನ್‌ಲೈನ್ ಅಸೆಂಬ್ಲಿ ಬಳಸಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಖಾನೆಗಳನ್ನು ತುಂಬಿದ ರೀತಿ. ಎಣಿಕೆ ಯಾವ ರಿಜಿಸ್ಟರಿನಲ್ಲಿರಬೇಕು ಎಂದು ಬರೆದವರು ಹೇಳಿಲ್ಲ. ಆದೇಶದಲ್ಲಿ ಶೇಕಡಾ ಚಿಹ್ನೆ ಮತ್ತು ಸೊನ್ನೆ ಹಾಕಿ ಜಾಗ ಖಾಲಿ ಬಿಟ್ಟಿದ್ದಾರೆ. ಆದರೆ ಹದಿನಾರು ಬಿಟ್‌ನ ಎಣಿಕೆಯಿಂದ ಕಳೆಯುವ ಆ ಆದೇಶ 32ರಲ್ಲಿ ನಾಲ್ಕೇ ಜೋಡಿ ರಿಜಿಸ್ಟರಿನ ಮೇಲೆ ನಡೆಯುತ್ತದೆ. ಹಾಗಾಗಿ ಖಾನೆಯಲ್ಲಿ 'ಡಬ್ಲ್ಯು' ಎಂಬ ಒಂದಕ್ಷರ ಬರೆದಿದ್ದಾರೆ. ಆ ನಾಲ್ಕರಲ್ಲಿ ನಿನಗೆ ಬಿಡುವಿರುವ ಒಂದನ್ನು ಕೊಡು ಎಂದು ಅದರ ಅರ್ಥ. ಜೊತೆಗೆ, ಒಳಗೆ ತಂದ ಎಣಿಕೆಯೂ ಹೊರಗೆ ಕೊಡುವ ಎಣಿಕೆಯೂ ಒಂದೇ ಜಾಗದಲ್ಲಿರಲಿ, ನಾನು ಅದನ್ನು ಬದಲಿಸುತ್ತೇನೆ ಎಂದೂ ತಿಳಿಸಿದ್ದಾರೆ. ಕಂಪೈಲರಿನ ಕೈಯಿಂದ ಬರೀ ಎರಡು ಆದೇಶಗಳ ಹಿಡಿತ ತೆಗೆದುಕೊಂಡು ಉಳಿದದ್ದನ್ನೆಲ್ಲ ಅದಕ್ಕೇ ಬಿಟ್ಟಿದ್ದಾರೆ. ಒಳ್ಳೆಯ ಇನ್‌ಲೈನ್ ಅಸೆಂಬ್ಲಿ ಇರಬೇಕಾದದ್ದು ಹೀಗೆ.

ಖಾನೆ ತುಂಬದಿದ್ದರೆ ಆಗುವುದಕ್ಕೂ ಉದಾಹರಣೆ ಇದೆ. ಸದಾಶಿವಗಡದ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಬಿಟ್ ಎಣಿಸಲು ಹದಿನೆಂಟನೇ ರಿಜಿಸ್ಟರನ್ನು ಹಿಡಿದ, ನಾಲ್ಕನೇ ಖಾನೆಯಲ್ಲಿ ಅದನ್ನು ಬರೆಯಲಿಲ್ಲ. ಮೇಜಿನ ಮೇಲೆ ಪಟ್ಟಿ ಚೆಂದವಾಗಿ ಬೆಳಗಿತು. ಹಬ್ಬದ ಹಿಂದಿನ ದಿನ ರಾತ್ರಿ ಬೆಳಕು ಮಂದವಾಗಲಿ ಎಂದು ಪ್ರೋಗ್ರಾಮಿಗೆ ಸಿ ಭಾಷೆಯಲ್ಲೇ ನಾಲ್ಕು ಸಾಲು ಸೇರಿಸಿದ. ಮಂಟಪದಲ್ಲಿ ಬಣ್ಣಗಳು ದಿಕ್ಕೆಟ್ಟವು. ಹುಡುಗರು ಉಪ್ಪುಗಾಳಿಗೆ ಕನೆಕ್ಟರ್ ತುಕ್ಕು ಹಿಡಿದಿದೆ ಎಂದು ಬೆಸುಗೆ ಬಿಚ್ಚಿ ಮತ್ತೆ ಹಾಕಿದರು. ಸಂಶಯ ಪಡುವುದು ತಪ್ಪೇನಲ್ಲ; ಭಾದ್ರಪದದ ಮಳೆಯಲ್ಲಿ, ಕಡಲ ಅಂಚಿನ ಊರಿನಲ್ಲಿ ಹತ್ತರಲ್ಲಿ ಎಂಟು ದೋಷ ಅಲ್ಲೇ ಇರುತ್ತದೆ. ಕೊನೆಗೆ ಕಂಪೈಲರ್ ಹುಟ್ಟಿಸಿದ ಆದೇಶಗಳ ಪಟ್ಟಿ ತೆಗೆಸಿ ಓದಿದಾಗ ವಿಷಯ ಬಯಲಾಯಿತು. ಹೊಸ ಸಾಲುಗಳ ಮಂದಬೆಳಕಿನ ಅಂಕಿಯನ್ನು ಕಂಪೈಲರ್ ಅದೇ ಹದಿನೆಂಟನೇ ರಿಜಿಸ್ಟರಿನಲ್ಲಿ ಇಟ್ಟಿತ್ತು. ನಾಲ್ಕನೇ ಖಾನೆಗೆ ಒಂದು ಹೆಸರು ಸೇರಿಸಿದ್ದೇ ದೀಪ ಸರಿಹೋಯಿತು. ಇಂಥ ದೋಷದ ಕೆಟ್ಟ ಗುಣ ಎಂದರೆ ಬರೆದ ದಿನ ಅದು ಕಾಣುವುದಿಲ್ಲ. ಎಲ್ಲೋ ಬೇರೆ ಕಡೆ ಯಾರೋ ನಿರಪರಾಧಿ ಒಂದು ಸಾಲು ಸೇರಿಸಿದ ದಿನ ಕಾಣುತ್ತದೆ, ಬೈಗುಳವೂ ಅವನಿಗೇ ಬೀಳುತ್ತದೆ.

ಬೋರ್ಡಿನ ಗಡಿಯಾರ ಹಿಂದೆ ಬೀಳುವುದು

20 ಟಿಕ್ಕಿನ ಲೆಕ್ಕ ನಡೆಯುವಾಗ ನಡುವೆ ಯಾರೂ ಕರೆಯಬಾರದು. ಚಿಪ್‌ಗೆ ಕೆಲಸದ ನಡುವೆ ಬರುವ ಕರೆಗಳಿಗೆ ಇಂಟರಪ್ಟ್ ಎಂದು ಹೆಸರು. ದೀಪಕ್ಕೆ ಮಾಹಿತಿ ಕಳಿಸುವ ಮೊದಲು 'ಸಿಎಲ್‌ಐ' ಎಂಬ ಆದೇಶದಿಂದ ಈ ಕರೆಗಳನ್ನು ತಡೆದು, ಮುಗಿದ ಮೇಲೆ ಮತ್ತೆ ತೆರೆಯುತ್ತಾರೆ. ಸಿ ಭಾಷೆಯಲ್ಲಿ ಇದನ್ನು ಹೇಳುವ ಮಾತೇ ಇಲ್ಲ. ಚಿಪ್‌ನ ಆದೇಶವನ್ನೇ ಬರೆಯಬೇಕು.

300 ದೀಪಕ್ಕೆ ಒಮ್ಮೆ ಬಣ್ಣ ಕಳಿಸಲು 9 ಮಿಲಿಸೆಕೆಂಡು ಬೇಕು. ಊನೊ ತನ್ನ ಗಡಿಯಾರ ನಡೆಸುವುದು 1.024 ಮಿಲಿಸೆಕೆಂಡಿಗೊಮ್ಮೆ ಬರುವ ಒಂದು ಇಂಟರಪ್ಟ್‌ನಿಂದ. ಬಾಗಿಲು ಹಾಕಿದ್ದಾಗ ಎಂಟೊಂಬತ್ತು ಕರೆ ಬಂದರೂ ಚಿಪ್ ನೆನಪಿಡುವುದು ಒಂದನ್ನು ಮಾತ್ರ. ಉಳಿದವು ಹೋದವು. ಬಣ್ಣ ಹರಿದಂತೆ ಕಾಣಬೇಕಾದರೆ ಸೆಕೆಂಡಿಗೆ 30 ಸಲವಾದರೂ ಕಳಿಸಬೇಕು. ಲೆಕ್ಕ ಹಾಕಿ: ಪ್ರತಿ ಸೆಕೆಂಡಿನಲ್ಲೂ ಹೆಚ್ಚುಕಡಿಮೆ ಕಾಲು ಸೆಕೆಂಡು ಬೋರ್ಡಿನ ಗಡಿಯಾರದಿಂದ ಜಾರಿಹೋಗುತ್ತದೆ. ಒಂದು ಗಂಟೆಯಾಯಿತು ಎಂದು ಬೋರ್ಡು ಹೇಳುವಾಗ ದೇವಸ್ಥಾನದ ಗಡಿಯಾರದಲ್ಲಿ ಒಂದೂಕಾಲು ಗಂಟೆ ದಾಟಿರುತ್ತದೆ. ಸಂಜೆ ಏಳರ ಆರತಿಗೆ ಬಣ್ಣ ತಾನಾಗಿಯೇ ಬದಲಾಗಲಿ ಎಂದು ಕೇಳುವವರಿಗೆ ಡಿಎಸ್ 3231 ಎಂಬ ಬೇರೆಯೇ ಗಡಿಯಾರದ ಚಿಪ್ ಹಾಕಿಕೊಡುತ್ತೇನೆ. ಅದರದ್ದು ಸ್ವಂತ ಬ್ಯಾಟರಿ, ಸ್ವಂತ ನಾಡಿ.

ಈ ದೀಪಗಳನ್ನು ಅಳೆದು ನೋಡಿದವರು ಆಮೇಲೆ ಇನ್ನೊಂದು ಸಂಗತಿ ಕಂಡುಕೊಂಡರು. ವಿವರಪತ್ರದಲ್ಲಿರುವ ಎಲ್ಲ ಅವಧಿಗಳೂ ಅಷ್ಟು ಬಿಗಿಯಲ್ಲ. ನಿಜಕ್ಕೂ ಬಿಗಿಯಾದದ್ದು 0 ಕಳಿಸುವಾಗಿನ ಆ ಚಿಕ್ಕ ಏರಿಕೆ ಒಂದೇ. ಅದು ಉದ್ದವಾದರೆ ದೀಪ ಅದನ್ನು 1 ಎಂದು ಓದುತ್ತದೆ. ತಂತಿ ಇಳಿದಿರುವ ಹೊತ್ತು ಸ್ವಲ್ಪ ಹಿಗ್ಗಿದರೆ ದೀಪ ತಕರಾರು ಮಾಡುವುದಿಲ್ಲ. ಅಸೆಂಬ್ಲಿಯ ಹಿಡಿತ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಇಟ್ಟರೆ ಸಾಕು ಎನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಆದೇಶವೇ ಇಲ್ಲದ ಅಸೆಂಬ್ಲಿ

ದೀಪದಿಂದ ಸ್ವಲ್ಪ ದೂರ ಹೋಗೋಣ. ಲೀನುಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಟ್ಟ ಲಿನಕ್ಸ್‌ನ ಮೊದಲ ಆವೃತ್ತಿ ಸುಮಾರು 10 ಸಾವಿರ ಸಾಲಿನದು. ಅದರಲ್ಲೂ ಇಂಟರಪ್ಟ್ ತಡೆಯುವ ಕೆಲಸಕ್ಕೆ ಒಂದು ಸಾಲಿನ ಇನ್‌ಲೈನ್ ಅಸೆಂಬ್ಲಿ ಇದೆ. ಇಂಟೆಲ್ ಚಿಪ್‌ನಲ್ಲೂ ಆ ಆದೇಶದ ಹೆಸರು ಸಿಎಲ್‌ಐ ಎಂದೇ. ಇಂದು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಲಿನಕ್ಸೇ. ಅದರ ಬಹುಪಾಲು ಸಿ ಭಾಷೆಯಲ್ಲಿದೆ. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆ ಕಟ್ಟಿ, 1973ರಲ್ಲಿ ಯುನಿಕ್ಸ್ ಅದರಲ್ಲಿ ಹೊಸದಾಗಿ ಬರೆಯಲ್ಪಟ್ಟ ಮೇಲೆ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಅದೇ ದಾರಿಯಾಯಿತು. ಆದರೂ ಚಿಪ್‌ನ ಬಾಗಿಲು ತಟ್ಟುವ ಜಾಗಗಳಲ್ಲಿ ಅಸೆಂಬ್ಲಿ ಉಳಿದೇ ಇದೆ.

ಅದರಲ್ಲಿ ನನಗೆ ಅತ್ಯಂತ ಇಷ್ಟವಾದ ತುಂಡಿನಲ್ಲಿ ಒಂದು ಆದೇಶವೂ ಇಲ್ಲ. ಒಂದು ಪ್ರೋಗ್ರಾಮ್ ನಿಮ್ಮ ಪಾಸ್‌ವರ್ಡನ್ನು ಮೆಮೊರಿಯಲ್ಲಿ ಇಟ್ಟು ಕೆಲಸ ಮುಗಿದ ಮೇಲೆ ಆ ಜಾಗಕ್ಕೆ ಸೊನ್ನೆ ತುಂಬಿ ಅಳಿಸುತ್ತದೆ ಎಂದುಕೊಳ್ಳಿ. ಕಂಪೈಲರ್ ನೋಡುತ್ತದೆ: ಆಮೇಲೆ ಆ ಜಾಗವನ್ನು ಯಾರೂ ಓದುವುದಿಲ್ಲ, ಹಾಗಾದರೆ ಸೊನ್ನೆ ತುಂಬುವುದು ದಂಡ. ಅಳಿಸುವ ಸಾಲನ್ನೇ ಅದು ಅಳಿಸುತ್ತದೆ. ಪಾಸ್‌ವರ್ಡ್ ಮೆಮೊರಿಯಲ್ಲಿ ಹಾಗೆಯೇ ಉಳಿಯುತ್ತದೆ. ಇದನ್ನು ತಡೆಯಲು 2014ರಲ್ಲಿ ಲಿನಕ್ಸ್‌ಗೆ ಒಂದು ಫಂಕ್ಷನ್ ಸೇರಿತು. ಅದು ಸೊನ್ನೆ ತುಂಬಿದ ಮೇಲೆ ಒಂದು ಖಾಲಿ ಇನ್‌ಲೈನ್ ಅಸೆಂಬ್ಲಿ ಇಡುತ್ತದೆ. ಮೊದಲ ಖಾನೆ ಬರಿದು. ಆದರೆ ಉಳಿದ ಖಾನೆಗಳಲ್ಲಿ, ಆ ಜಾಗದ ವಿಳಾಸ ನನಗೆ ಬೇಕು, ಮೆಮೊರಿಯನ್ನು ನಾನು ಮುಟ್ಟಬಹುದು ಎಂದು ಬರೆದಿದೆ. ಒಳಗೆ ಏನು ನಡೆಯುತ್ತದೆ ಎಂದು ಕಂಪೈಲರಿಗೆ ಕಾಣುವುದಿಲ್ಲವಾದ್ದರಿಂದ ಸೊನ್ನೆಗಳನ್ನು ನಿಜವಾಗಿಯೂ ತುಂಬಲೇಬೇಕಾಗುತ್ತದೆ. ಆ ಖಾಲಿ ತುಂಡಿಗೆಂದು ಚಿಪ್ ಒಂದು ಟಿಕ್ಕಿನ ಕೆಲಸವನ್ನೂ ಹೆಚ್ಚಿಗೆ ಮಾಡಲಿಲ್ಲ. ಕರಾರೊಂದೇ ಸಾಕಾಯಿತು. ಇನ್‌ಲೈನ್ ಅಸೆಂಬ್ಲಿಯ ಜೀವ ಆದೇಶದಲ್ಲಿಲ್ಲ, ಖಾನೆಗಳಲ್ಲಿದೆ ಎಂದು ನಾನು ಹುಡುಗರಿಗೆ ಹೇಳುವುದು ಈ ಕಾರಣಕ್ಕೆ.

ಯಾವಾಗ ಬೇಡ

ಅಸೆಂಬ್ಲಿ ಬರೆದರೆ ಪ್ರೋಗ್ರಾಮ್ ವೇಗವಾಗುತ್ತದೆ ಎಂಬ ನಂಬಿಕೆ ಹಳೆಯದು. ಇಂದಿನ ಕಂಪೈಲರ್ ಸಾಮಾನ್ಯ ಲೆಕ್ಕಗಳಲ್ಲಿ ನಮಗಿಂತ ಚೆನ್ನಾಗಿಯೇ ಬರೆಯುತ್ತದೆ. ನಡುವೆ ನಾವು ತುರುಕುವ ತುಂಡು ಎಷ್ಟೋ ಸಲ ಅದರ ದಾರಿಗೆ ಅಡ್ಡವಾಗುತ್ತದೆ. ವೇಗಕ್ಕಾಗಿ ನಿಜಕ್ಕೂ ಅಸೆಂಬ್ಲಿ ಬೇಕಾಗುವ ಕಡೆ, ಉದಾಹರಣೆಗೆ ಬ್ರೌಸರುಗಳಲ್ಲಿ ವಿಡಿಯೊ ಬಿಚ್ಚುವ ಡೇವಿಡ್ ಎಂಬ ಪ್ರೋಗ್ರಾಮಿನಲ್ಲಿ, ಅದನ್ನು ಬೇರೆ ಫೈಲಿನಲ್ಲೇ ಬರೆದಿಡುತ್ತಾರೆ. ಮೈಕ್ರೋಸಾಫ್ಟ್ ತನ್ನ 64 ಬಿಟ್ ಇಂಟೆಲ್ ಕಂಪೈಲರಿನಿಂದ ಇನ್‌ಲೈನ್ ಅಸೆಂಬ್ಲಿಯನ್ನೇ ಕೈಬಿಟ್ಟು, ಚಿಪ್‌ನ ವಿಶೇಷ ಆದೇಶಗಳಿಗೆ ಫಂಕ್ಷನ್‌ನಂತೆ ಕರೆಯಬಹುದಾದ ಹೆಸರುಗಳನ್ನು ಕೊಟ್ಟಿದೆ. ಕಾರುಗಳ ಸಾಫ್ಟ್‌ವೇರಿಗೆಂದು 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಿಸ್ರಾ ನಿಯಮಗಳು ಅಸೆಂಬ್ಲಿಯನ್ನು ಪ್ರತ್ಯೇಕವಾಗಿ, ಬೇಲಿ ಹಾಕಿ ಇಡಬೇಕು ಎನ್ನುತ್ತವೆ. ಬೆಂಗಳೂರಿಗೆ ಹೋಗಿ ಕಾರಿನ ಸಾಫ್ಟ್‌ವೇರ್ ಬರೆಯುವ ನಮ್ಮ ಕಡೆಯ ಹುಡುಗರಿಗೆ ಈ ನಿಯಮ ನಿತ್ಯದ ಮಾತು.

ದೀಪದ ಪಟ್ಟಿಗೂ ಈಗ ಬೇರೆ ದಾರಿಗಳಿವೆ. ಇಎಸ್‌ಪಿ 32 ಚಿಪ್‌ನಲ್ಲಿ ಇಂಥ ಅಳತೆಯ ಮಿಡಿತ ಕಳಿಸಲೆಂದೇ ಒಂದು ಪ್ರತ್ಯೇಕ ವಿಭಾಗವಿದೆ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊದಲ್ಲಿ ಪಿನ್‌ಗಳನ್ನು ನೋಡಿಕೊಳ್ಳಲು ಪುಟ್ಟ ಯಂತ್ರಗಳೇ ಇವೆ. ಅವಕ್ಕೆ ಗೊತ್ತಿರುವುದು ಒಂಬತ್ತೇ ಬಗೆಯ ಆದೇಶ. ಈ ಎಲ್‌ಇಡಿ ಪಟ್ಟಿ ನಡೆಸಲು ನಾಲ್ಕು ಸಾಲು ಸಾಕು. ಮುಖ್ಯ ಪ್ರೋಗ್ರಾಮ್ ನಿರಾಳವಾಗಿ ಸಿ ಭಾಷೆಯಲ್ಲಿ ಉಳಿಯುತ್ತದೆ, ಗಡಿಯಾರವೂ ಹಿಂದೆ ಬೀಳುವುದಿಲ್ಲ. ಆದರೆ ಆ ನಾಲ್ಕು ಸಾಲೂ ಅಸೆಂಬ್ಲಿಯೇ, ಅಲ್ಲೂ ಟಿಕ್ ಎಣಿಸಲೇಬೇಕು.

ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಜಿಲ್ಲೆಯ ಪಾಲಿಟೆಕ್ನಿಕ್ಕುಗಳಲ್ಲಿ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಮಾತು. ಮೊದಲು ಸಿ ಭಾಷೆಯಲ್ಲೇ ಬರೆಯಿರಿ. ಕಂಪೈಲರ್ ಅದನ್ನು ಯಾವ ಆದೇಶಗಳಾಗಿ ಇಳಿಸಿದೆ ಎಂದು ಪಟ್ಟಿ ತೆಗೆದು ಓದಿ. ಅದಕ್ಕೆ ಬೇಕಾದ ಸಾಧನ ಜಿಸಿಸಿ ಜೊತೆಗೇ ಉಚಿತವಾಗಿ ಬರುತ್ತದೆ. ಕಾಲವನ್ನು ಅಳೆಯಿರಿ. ಚಿಪ್ ಮಾಡಬಲ್ಲ ಕೆಲಸವನ್ನು ಹೇಳಲು ಸಿ ಭಾಷೆಯಲ್ಲಿ ಮಾತೇ ಇಲ್ಲ ಎಂದು ಖಚಿತವಾದಾಗ ಮಾತ್ರ ಅಸೆಂಬ್ಲಿಗೆ ಕೈ ಹಾಕಿ. ಹಾಕಿದ ಮೇಲೆ ನಾಲ್ಕೈದು ಸಾಲಿನಲ್ಲಿ ಮುಗಿಸಿ, ಒಂದೇ ಫಂಕ್ಷನ್ನಿನೊಳಗೆ ಇಡಿ. ಏನು ಪಡೆದಿರಿ, ಏನು ಕೊಟ್ಟಿರಿ, ಏನು ಕೆಡಿಸಿದಿರಿ ಎಂಬುದನ್ನು ಒಂದನ್ನೂ ಬಿಡದೆ ಖಾನೆಗಳಲ್ಲಿ ಬರೆಯಿರಿ. ಆದೇಶ ಬರೆಯಲು ಒಂದು ಸಂಜೆ ಸಾಕು. ಖಾನೆ ತುಂಬುವುದನ್ನು ಕಲಿತವನನ್ನೇ ನಾನು ಪ್ರೋಗ್ರಾಮರ್ ಎನ್ನುತ್ತೇನೆ.